ಪಾಲ್, ಹಾಲು, ಆಲು

ಮನುಷ್ಯನ ಪ್ರಾಚೀನ ಬದುಕಿನ ಬಗ್ಗೆ ನೆಲ ಅಗೆದಾಗ ಸಿಗುವ ಸಾಕ್ಷ್ಯಗಳಲ್ಲಿ ಕಲ್ಲಿನ ಕೊಡಲಿಗಳಿವೆ, ಒಲೆಯ ಬೂದಿಯಿದೆ, ಹಲ್ಲು ಮೂಳೆಗಳಿವೆ. ಮಾತು ಮಾತ್ರ ಇಲ್ಲ. ಆಡಿದೊಡನೆ ಗಾಳಿಯಲ್ಲಿ ಕರಗುವ ಈ ಸಾಮರ್ಥ್ಯ ಎಂದು, ಹೇಗೆ ಹುಟ್ಟಿತೆಂಬ ಬಗ್ಗೆ ಊಹೆಗಳು ಮಿತಿಮೀರಿದಾಗ ಪ್ಯಾರಿಸ್ಸಿನ ಭಾಷಾವಿಜ್ಞಾನ ಸಂಘವು, ಭಾಷೆಯ ಹುಟ್ಟಿನ ಕುರಿತ ಪ್ರಬಂಧಗಳನ್ನು ತಾನು ಸ್ವೀಕರಿಸುವುದಿಲ್ಲವೆಂದು 1866ರಲ್ಲಿ ತನ್ನ ನಿಯಮಾವಳಿಯಲ್ಲಿಯೇ ಬರೆದುಕೊಂಡಿತು. ಅನಂತರ ದೊರೆತ ಸುಳಿವುಗಳೆಲ್ಲವೂ ಪರೋಕ್ಷವಾದವು: ಇಸ್ರೇಲಿನ ಕೆಬಾರಾ ಗುಹೆಯಲ್ಲಿ 1983ರಲ್ಲಿ ಸಿಕ್ಕಿದ, ಸುಮಾರು 60,000 ವರ್ಷ ಹಿಂದಿನ ನಿಯಾಂಡರ್ತಾಲ್ ಮಾನವನ ಅಸ್ಥಿಪಂಜರದಲ್ಲಿ ನಾಲಗೆಯ ಬುಡಕ್ಕೆ ಆಧಾರವಾಗುವ ಪುಟ್ಟ ಮೂಳೆ ಉಳಿದಿತ್ತು, ಅದು ಇಂದಿನ ಮನುಷ್ಯರದನ್ನೇ ಹೋಲುತ್ತಿತ್ತು, ಮಾತಿನ ತೊಡಕಿದ್ದ ಲಂಡನ್ನಿನ ಒಂದು ಕುಟುಂಬದ ಅಧ್ಯಯನದಿಂದ 2001ರಲ್ಲಿ ಫಾಕ್ಸ್‌ಪಿ2 ಎಂಬ ಜೀನು ಗುರುತಿಗೆ ಬಂತು. ಇವು ಮಾತಿಗೆ ಬೇಕಾದ ಅಂಗಸಿದ್ಧತೆಯನ್ನು ತೋರಿಸುತ್ತವೆಯೇ ಹೊರತು ಮಾತನ್ನು ಕೇಳಿಸುವುದಿಲ್ಲ.

ಸಂವಹನಕ್ಕೆ ಮಾತೇ ಬೇಕೆಂದೇನೂ ಇಲ್ಲ. ಸಾಲಿಂ ಅಲಿಯವರ ಸಲಹೆಯಂತೆ 1940ರಲ್ಲಿ ಪಕ್ಷಿಧಾಮವಾದ ಶ್ರೀರಂಗಪಟ್ಟಣ ತಾಲ್ಲೂಕಿನ ರಂಗನತಿಟ್ಟಿನಲ್ಲಿ ಗೂಡು ಕಟ್ಟುವ ಬಣ್ಣದ ಕೊಕ್ಕರೆಗಳು ಬೆಳೆದ ಮೇಲೆ ಬಹುಮಟ್ಟಿಗೆ ಮೂಕವಾಗಿದ್ದು, ಉದ್ದನೆಯ ಕೊಕ್ಕನ್ನು ಪಟಪಟನೆ ಬಡಿದು ಜೋಡಿಯೊಡನೆ ವ್ಯವಹರಿಸುತ್ತವೆ. ಆಫ್ರಿಕದ ವರ್ವೆಟ್ ಕೋತಿಗಳು ಚಿರತೆ, ಹದ್ದು, ಹಾವುಗಳಿಗೆ ಬೇರೆ ಬೇರೆ ಎಚ್ಚರಿಕೆಯ ಕೂಗು ಹಾಕುತ್ತವೆಯೆಂದು 1980ರಲ್ಲಿ ಪ್ರಕಟವಾದ ಅಧ್ಯಯನ ತೋರಿಸಿತು. ಆದರೆ ನಿನ್ನೆ ಬಂದಿದ್ದ ಚಿರತೆಯ ಬಗ್ಗೆ ಕೋತಿ ಹೇಳಲಾರದು. ಎದುರಿಗಿಲ್ಲದ್ದನ್ನು ಹೇಳಬಲ್ಲದ್ದು, ತಮ್ಮಷ್ಟಕ್ಕೆ ಅರ್ಥವಿಲ್ಲದ ಕೆಲವೇ ಧ್ವನಿಗಳನ್ನು ಬಗೆಬಗೆಯಾಗಿ ಜೋಡಿಸಿ ಲೆಕ್ಕವಿಲ್ಲದಷ್ಟು ಪದಗಳನ್ನು ಕಟ್ಟಬಲ್ಲದ್ದು ಮನುಷ್ಯಭಾಷೆ. ಈ ಎರಡನೆಯ ಗುಣದಿಂದಾಗಿಯೇ ಒಂದು ಧ್ವನಿ ಬದಲಾದರೆ ಅದಿರುವ ಪದಗಳೆಲ್ಲ ಸಾಲುಸಾಲಾಗಿ ಬದಲಾಗುತ್ತವೆ, ಮತ್ತು ಆ ಸಾಲನ್ನು ಹಿಡಿದು ಸಂಶೋಧಕರು ಹಿಂದಕ್ಕೆ ನಡೆಯಬಲ್ಲರು.

ಹುಟ್ಟು ಮಸುಕಾಗಿದ್ದರೂ ಬೆಳವಣಿಗೆಯ ಈಚಿನ ಘಟ್ಟಗಳು ಸ್ಪಷ್ಟವಾಗಿ ಕಾಣುತ್ತವೆ. ದ್ರಾವಿಡ ಭಾಷಾಕುಟುಂಬದ ವಯಸ್ಸು ಸುಮಾರು 4,500 ವರ್ಷವೆಂದು 2018ರಲ್ಲಿ ಪ್ರಕಟವಾದ ಒಂದು ಲೆಕ್ಕಾಚಾರ ಹೇಳುತ್ತದೆ. ಅದರಲ್ಲಿ ಕನ್ನಡದ ಕವಲು ಹೇಗೆ ಬಾಗಿತೆಂಬುದನ್ನು ನೋಡಲು ಮಂಡ್ಯ ಜಿಲ್ಲೆಯ ಉತ್ತರ ಮತ್ತು ಪಶ್ಚಿಮದ ತಾಲ್ಲೂಕುಗಳು ಒಳ್ಳೆಯ ಜಾಗ. ಬಿ.ಎಲ್. ರೈಸ್ ಆರಂಭಿಸಿದ ‘ಎಪಿಗ್ರಾಫಿಯಾ ಕರ್ನಾಟಿಕಾ’ ಶಾಸನಸಂಗ್ರಹದ ಪರಿಷ್ಕೃತ ಮಾಲೆಯನ್ನು ಮೈಸೂರು ವಿಶ್ವವಿದ್ಯಾನಿಲಯದ ಕನ್ನಡ ಅಧ್ಯಯನ ಸಂಸ್ಥೆ ಹೊರತಂದಾಗ, ಶ್ರೀರಂಗಪಟ್ಟಣ, ಪಾಂಡವಪುರ, ಕೃಷ್ಣರಾಜಪೇಟೆಗಳ ಶಾಸನಗಳಿಗೇ ಆರನೆಯ ಸಂಪುಟ ಪೂರ್ತಿ ಬೇಕಾಯಿತು. ನಾಗಮಂಗಲದವು ಏಳನೆಯದಕ್ಕೆ ಸೇರಿದವು.

ನಾಗಮಂಗಲ ತಾಲ್ಲೂಕಿನ ದೇವರಹಳ್ಳಿಯಲ್ಲಿ ದೊರೆತ, ಗಂಗರ ಶ್ರೀಪುರುಷನ ಕಾಲದ 776ರ ತಾಮ್ರಪಟಗಳಲ್ಲಿ ರಾಜನ ವಂಶಾವಳಿ, ಹೊಗಳಿಕೆಗಳೆಲ್ಲ ಸಂಸ್ಕೃತದಲ್ಲಿ ಸಾಗುತ್ತವೆ. ದತ್ತಿಯ ಊರಿನ ಎಲ್ಲೆ ಹೇಳುವ ಹೊತ್ತು ಬಂದಾಗ ಕೆರೆ, ಕಲ್ಲು, ಮೊರಡಿಗಳ ಕನ್ನಡ ಹೆಸರುಗಳು ನುಗ್ಗಿಬಿಡುತ್ತವೆ. ಹೊಗಳಿಕೆ ಯಾರಿಗೂ ಅರ್ಥವಾಗದಿದ್ದರೆ ನಷ್ಟವಿಲ್ಲ, ಗಡಿ ಮಾತ್ರ ಅದರ ಮೇಲೆ ನೇಗಿಲು ಹೊಡೆಯುವವನಿಗೆ ತಿಳಿಯಲೇಬೇಕು. ಬರವಣಿಗೆಯ ಸಂದಿಯಲ್ಲಿ ಆಡುಮಾತು ತಲೆಹಾಕುವುದು ಹೀಗೆ ತೀರ ವ್ಯಾವಹಾರಿಕ ಕಾರಣಗಳಿಂದ.

ಆ ಕಾಲದ ಕನ್ನಡಿಗರು ಹಾಲಿಗೆ ‘ಪಾಲ್’ ಎನ್ನುತ್ತಿದ್ದರು. ಹೂವು ‘ಪೂ’, ಹುಲ್ಲು ‘ಪುಲ್’, ಹಳ್ಳಿ ‘ಪಳ್ಳಿ’, ಹೋಗು ‘ಪೋಗು’. ಹತ್ತನೆಯ ಶತಮಾನದ ಹೊತ್ತಿಗೆ ಶಾಸನಗಳಲ್ಲಿ ಅಲ್ಲೊಂದು ಇಲ್ಲೊಂದು ಹಕಾರ ಇಣುಕಿ, ಅನಂತರ ಒಂದೇ ಶಾಸನದಲ್ಲಿ ಎರಡೂ ರೂಪಗಳು ಬರತೊಡಗಿ, ಹದಿನಾಲ್ಕನೆಯ ಶತಮಾನದ ಹೊತ್ತಿಗೆ ಹಕಾರ ಗೆದ್ದಿತು. ತುಟಿಗಳನ್ನು ಪೂರ್ತಿ ಮುಚ್ಚಿ ಉಸಿರನ್ನು ತಡೆದು ಬಿಟ್ಟರೆ ‘ಪ’. ತುಟಿಯ ಕೆಲಸ ತಪ್ಪಿ ಉಸಿರಷ್ಟೇ ಉಳಿದರೆ ‘ಹ’. ಭಾಷಾವಿಜ್ಞಾನಿಗಳು ಇದನ್ನು ಧ್ವನಿಯ ಶಿಥಿಲೀಕರಣ ಎನ್ನುತ್ತಾರೆ, ಅಂದರೆ ಉಚ್ಚಾರಣೆಯ ಬಿಗಿ ಸಡಿಲವಾಗುವುದು. ಈ ಸಡಿಲಿಕೆಗೂ ಶಿಸ್ತಿದೆ: ಪದದ ಮೊದಲಲ್ಲಿದ್ದ ಪಕಾರ ಹೋಯಿತು, ಅಪ್ಪ, ಉಪ್ಪು, ತಪ್ಪುಗಳ ಒತ್ತಕ್ಷರ ಅಲುಗಲಿಲ್ಲ, ಮೊದಲೇ ಕನ್ನಡಕ್ಕೆ ಬಂದಿದ್ದ ಸಂಸ್ಕೃತದ ‘ಪರ್ವ’ ‘ಪಬ್ಬ’ವಾಗಿ ‘ಹಬ್ಬ’ವಾಯಿತು, ಬದಲಾವಣೆಯ ಬಿಸಿ ಆರಿದ ಎಷ್ಟೋ ಕಾಲದ ಮೇಲೆ ಬಂದ ಪೆನ್ನು, ಪೊಲೀಸು ಇದ್ದಂತೆಯೇ ಇವೆ. ಪಡೆ, ಪಡುವಣಗಳಂಥ ಕೆಲವು ಅಚ್ಚಗನ್ನಡ ಪದಗಳೂ ಹೇಗೋ ತಪ್ಪಿಸಿಕೊಂಡವು.

ಕೃಷ್ಣರಾಜಪೇಟೆ ತಾಲ್ಲೂಕಿನ ಹೊಸಹೊಳಲು ಈ ಇತಿಹಾಸವನ್ನು ಹೆಸರಿನಲ್ಲಿಯೇ ಹೊತ್ತಿದೆ. ‘ಪೊಸ’ ಎಂದರೆ ಹೊಸದು, ‘ಪೊೞಲ್’ ಎಂದರೆ ಪಟ್ಟಣ. ಎರಡು ಪಕಾರಗಳೂ ಹಕಾರಗಳಾಗಿ, ನಾಲಗೆಯನ್ನು ಹಿಂದಕ್ಕೆ ಮಡಿಸಿ ಉಚ್ಚರಿಸುತ್ತಿದ್ದ ‘ೞ’ ಳಕಾರದಲ್ಲಿ ಬೆರೆತಿದೆ. ಅಲ್ಲಿನ ಲಕ್ಷ್ಮೀನಾರಾಯಣ ದೇವಾಲಯ ಹೊಯ್ಸಳ ಸೋಮೇಶ್ವರನ ಕಾಲದ್ದು, ಸುಮಾರು 1250ರದು. ಅದೇ ಸೋಮೇಶ್ವರನ ಆಶ್ರಯದಲ್ಲಿದ್ದ ಮಲ್ಲಿಕಾರ್ಜುನನ ಮಗ ಕೇಶಿರಾಜ ತನ್ನ ‘ಶಬ್ದಮಣಿದರ್ಪಣ’ ವ್ಯಾಕರಣದಲ್ಲಿ ೞಕಾರವಿರುವ ಪದಗಳನ್ನು ಪಟ್ಟಿ ಮಾಡಿಕೊಟ್ಟ. ಜನರ ಬಾಯಲ್ಲಿ ಒಂದು ಧ್ವನಿ ಜೀವಂತವಾಗಿದ್ದರೆ ಅದಕ್ಕೆ ಪಟ್ಟಿ ಬೇಕಿಲ್ಲ. ಪಟ್ಟಿ ಬೇಕಾಯಿತೆಂದರೆ ಓದಿದವರಿಗೂ ಎಲ್ಲಿ ೞ, ಎಲ್ಲಿ ಳ ಎಂಬುದು ಮರೆತಿತ್ತೆಂದೇ ಅರ್ಥ.

ಹೊಸಹೊಳಲನ್ನು ಸುತ್ತಲಿನ ರೈತರು ಕರೆಯುವುದು ‘ಒಸೊಳಲು’ ಎಂದು. ಮಂಡ್ಯದ ಹಳ್ಳಿಗಳಲ್ಲಿ ಹಾಲು ‘ಆಲು’, ಹುಲ್ಲು ‘ಉಲ್ಲು’. ಹಾಲು ಕರೆಯುವುದಕ್ಕೆ ಹೋಗಿದ್ದಾನೆ ಎಂಬುದು ‘ಆಲು ಕರಿಯಕ್ಕೋಗವ್ನೆ’. ಪಟ್ಟಣದವರೂ ಸಿನಿಮಾದವರೂ ಇದನ್ನು ನಗೆಗೆ ಬಳಸಿಕೊಂಡಿದ್ದಾರೆ, ಶಾಲೆಗಳು ನಾಲಗೆಯ ದೋಷವೆಂದು ತಿದ್ದಿವೆ. ಆದರೆ ‘ಪ’ ಸಡಿಲಗೊಂಡು ‘ಹ’ ಆದ ದಾರಿಯಲ್ಲೇ ‘ಹ’ ಇನ್ನಷ್ಟು ಸಡಿಲಗೊಂಡು ಸ್ವರ ಮಾತ್ರ ಉಳಿದಿದೆ. ಮೊದಲ ಹೆಜ್ಜೆಯನ್ನು ನಡುಗನ್ನಡವೆಂದು ಪಠ್ಯಪುಸ್ತಕದಲ್ಲಿ ಗೌರವಿಸಿ ಎರಡನೆಯದನ್ನು ಒರಟು ಮಾತೆಂದು ಹಳಿಯುವುದಕ್ಕೆ ಭಾಷಾವಿಜ್ಞಾನದಲ್ಲಿ ಆಧಾರವಿಲ್ಲ. ಹಿಟ್ಟಿಗೆ ಲ್ಯಾಟಿನ್‌ನಲ್ಲಿದ್ದ ‘ಫರೀನಾ’ ಸ್ಪ್ಯಾನಿಷ್‌ನಲ್ಲಿ ಹಕಾರವಾಗಿ, ಆ ಹಕಾರವೂ ಬಿದ್ದು, ಇಂದು ಬರೆಯುವುದು ‘ಹರೀನಾ’, ಓದುವುದು ‘ಅರೀನಾ’. ಅಲ್ಲಿ ಪ್ರಾಧ್ಯಾಪಕರೂ ಹಾಗೆಯೇ ಓದುತ್ತಾರೆ, ಯಾರೂ ನಗುವುದಿಲ್ಲ. ಜಪಾನಿಯರ ‘ಹನ’, ಅಂದರೆ ಹೂವು, ಒಂದು ಕಾಲಕ್ಕೆ ‘ಪನ’ ಆಗಿತ್ತು.

ಪಾಂಡವಪುರ ತಾಲ್ಲೂಕಿನ ಮೇಲುಕೋಟೆಯಲ್ಲಿ ಈ ಮೂರೂ ಘಟ್ಟಗಳು ಒಟ್ಟಿಗೆ ಕಿವಿಗೆ ಬೀಳುತ್ತವೆ. ರಾಮಾನುಜಾಚಾರ್ಯರ ಪರಂಪರೆಯ ಶ್ರೀವೈಷ್ಣವ ಮನೆಗಳಲ್ಲಿ ಆಡುವ, ಕನ್ನಡ ಧಾರಾಳವಾಗಿ ಬೆರೆತ ತಮಿಳಿನಲ್ಲಿ ಹಾಲು ಇಂದಿಗೂ ‘ಪಾಲ್’. ಶಾಲೆಯ ಪುಸ್ತಕದಲ್ಲಿ ‘ಹಾಲು’. ಬೆಟ್ಟದ ಕೆಳಗಿನ ಒಕ್ಕಲು ಮನೆಗಳಲ್ಲಿ ‘ಆಲು’. ತಮಿಳು ಕನ್ನಡದ ತಾಯಿಯಲ್ಲ, ಹಳೆಯ ಪಕಾರವನ್ನು ಉಳಿಸಿಕೊಂಡ ಸೋದರಿ. ಇಂಥ ಎರಡು ಭಾಷೆಗಳ ಮನೆಯಿಂದಲೇ 1905ರಲ್ಲಿ ಹುಟ್ಟಿದ ಪು.ತಿ. ನರಸಿಂಹಾಚಾರ್ ಕನ್ನಡದ ಕವಿಯಾದರು.

ಆಳುವವರ ಆಜ್ಞೆಯಿಂದಲೂ ಹೆಸರುಗಳು ಬದಲಾಗಿವೆ. ಹೈದರ್ ಮತ್ತು ಟಿಪ್ಪುವಿನ ಫ್ರೆಂಚ್ ಸೈನಿಕರು ಬೀಡುಬಿಟ್ಟ ಹಿರೋಡೆ ‘ಫ್ರೆಂಚ್ ರಾಕ್ಸ್’ ಆಗಿ ಮುಂದೆ ಪಾಂಡವಪುರವಾಯಿತು, ಅತ್ತಿಗುಪ್ಪೆ ಕೃಷ್ಣರಾಜಪೇಟೆಯಾಯಿತು. ಇಂಥ ಬದಲಾವಣೆ ಕಡತದಲ್ಲಿ ಒಂದೇ ದಿನಕ್ಕೆ ಮುಗಿಯುತ್ತದೆ. ಪಕಾರ ಹಕಾರವಾಗಲು ಯಾರ ಆಜ್ಞೆಯೂ ಇರಲಿಲ್ಲ, ನಾಲ್ಕು ಶತಮಾನ ಹಿಡಿಯಿತು, ಬದಲಾಯಿಸುತ್ತಿದ್ದವರಿಗೆ ತಾವು ಬದಲಾಯಿಸುತ್ತಿದ್ದೇವೆಂಬ ಅರಿವೂ ಇರಲಿಲ್ಲ. ಮಕ್ಕಳು ದೊಡ್ಡವರ ಮಾತನ್ನು ಕೇಳಿಸಿಕೊಂಡಂತೆ ತಮ್ಮೊಳಗೆ ಹೊಸದಾಗಿ ಕಟ್ಟಿಕೊಳ್ಳುವಾಗ ಕೂದಲೆಳೆಯಷ್ಟು ವ್ಯತ್ಯಾಸ ತಲೆಮಾರಿನಿಂದ ತಲೆಮಾರಿಗೆ ಕೂಡುತ್ತ ಹೋಯಿತು.

ಶಾಸನದ ಸಾಕ್ಷ್ಯಕ್ಕೊಂದು ಮಿತಿಯೂ ಇದೆ. ಕಲ್ಲಿಗೆ ಪಾಠ ಬರೆದುಕೊಟ್ಟವರು ಅಕ್ಷರಸ್ಥರು, ಅವರ ಕೈ ಸಂಪ್ರದಾಯಕ್ಕೆ ಅಂಟಿಕೊಂಡಿರುತ್ತಿತ್ತು. ಉಳುವವರ, ಕುಟ್ಟಿ ಬೀಸುವವರ ಮಾತು ಆಗ ಎಷ್ಟು ಮುಂದೆ ಹೋಗಿತ್ತೆಂಬುದನ್ನು ಕಲ್ಲು ಹೇಳುವುದಿಲ್ಲ. ಆ ಧ್ವನಿ ದಾಖಲಾಗಲು ಟೇಪ್ ರೆಕಾರ್ಡರ್ ಬರಬೇಕಾಯಿತು. ನಾಗಮಂಗಲ ತಾಲ್ಲೂಕಿನ ಹೆರಗನಹಳ್ಳಿಯಲ್ಲಿ 1915ರಲ್ಲಿ ಹುಟ್ಟಿದ ಎಚ್.ಎಲ್. ನಾಗೇಗೌಡರು ಹಳ್ಳಿಗಾಯಕರ ಹಾಡು, ಕತೆಗಳನ್ನು ಅವರ ದನಿಯಲ್ಲೇ ಹಿಡಿದಿಡುವ ಕೆಲಸ ಮಾಡಿದರು; ರಾಮನಗರದ ಜಾನಪದ ಲೋಕ ಅವರು ಕಟ್ಟಿದ್ದು.

ಶಾಲೆ, ಟಿ.ವಿ.ಗಳ ಒತ್ತಡದಿಂದ ಬಿದ್ದ ಹಕಾರ ಈಗ ಮರಳುತ್ತಿದೆ, ಕೆಲವೊಮ್ಮೆ ಬೇಡದ ಕಡೆಗೂ. ‘ಆದರದ ಸ್ವಾಗತ’ ಕೋರಲು ಹೋಗಿ ‘ಹಾದರದ ಸ್ವಾಗತ’ ಕೋರಿದ ಭಾಷಣಕಾರನ ನಗೆಮಾತು ಹಳೆಯದು. ತನ್ನ ಮಾತಿನಲ್ಲಿ ಹಕಾರ ಬಿದ್ದಿದೆಯೆಂಬ ಅಳುಕಿನಿಂದ ಇಲ್ಲದಲ್ಲಿಯೂ ಅದನ್ನು ತುರುಕುವ ಇದಕ್ಕೆ ಅತಿತಿದ್ದುಪಡಿ ಎನ್ನಬಹುದು. ಹೆಚ್ಚಿನವರು ಎರಡನ್ನೂ ನಿಭಾಯಿಸಿಕೊಂಡಿದ್ದಾರೆ: ಕಚೇರಿಯಲ್ಲಿ ಹಾಲು, ಕೊಟ್ಟಿಗೆಯಲ್ಲಿ ಆಲು. ಹೊಯ್ಸಳರ ಕಾಲದ ಶಾಸನಗಳಲ್ಲಿ ಪಕಾರ ಹಕಾರಗಳು ಅಕ್ಕಪಕ್ಕದ ಸಾಲುಗಳಲ್ಲಿ ನಿಂತಿದ್ದಂತೆ, ಈ ತಾಲ್ಲೂಕುಗಳಲ್ಲಿ ಈಗ ಎರಡು ರೂಪಗಳು ಒಂದೇ ಬಾಯಲ್ಲಿವೆ.