ಹಾವು ಕಡಿತ: ದಾಖಲೆಯ ಕ್ರಮ ಬದಲಾದಾಗ ದುಪ್ಪಟ್ಟಾದ ಅಂಕಿ

ಬೆಳಗಾವಿ: ಖಾನಾಪುರ ತಾಲ್ಲೂಕಿನ ಪಾರಿಶ್ವಾಡದಲ್ಲಿ ರಾತ್ರಿ ನೆಲದ ಮೇಲೆ ಮಲಗಿದ್ದ ಕೃಷಿಕಾರ್ಮಿಕನೊಬ್ಬನನ್ನು ಕಟ್ಟುಹಾವು ಕಚ್ಚಿತೆಂದು ಭಾವಿಸೋಣ. ಈ ಹಾವಿನ ಕಡಿತದಲ್ಲಿ ಗಾಯದ ಗುರುತು ಕಾಣದಿರುವುದೂ ಉಂಟು. ಬೆಳಗಿನ ಜಾವ ಹೊಟ್ಟೆನೋವು, ಬಳಿಕ ಉಸಿರಾಟದ ತೊಂದರೆ. ಖಾನಾಪುರದಿಂದ ಬೆಳಗಾವಿಗೆ ಸಾಗಿಸಿದರೂ ಆತ ಬದುಕುಳಿಯಲಿಲ್ಲ. ಈ ಸಾವು ಸರ್ಕಾರಿ ಲೆಕ್ಕದಲ್ಲಿ ಯಾವ ಹೆಸರಿನಲ್ಲಿ ಸೇರುತ್ತದೆ?

ಉತ್ತರ ವೈದ್ಯರು ತುಂಬುವ ಮರಣ ಕಾರಣ ಪ್ರಮಾಣಪತ್ರದಲ್ಲಿದೆ. ಆಸ್ಪತ್ರೆಯಲ್ಲಿ ಸಂಭವಿಸಿದ ಸಾವಿಗೆ ನಮೂನೆ 4 ಬಳಕೆಯಾಗುತ್ತದೆ. ಅದರಲ್ಲಿ ತಕ್ಷಣದ ಕಾರಣ ಮೇಲಿನ ಸಾಲಿನಲ್ಲಿ, ಮೂಲ ಕಾರಣ ಕೆಳಗಿನ ಸಾಲಿನಲ್ಲಿ ಬರಬೇಕು. ಅಂತಾರಾಷ್ಟ್ರೀಯ ರೋಗ ವರ್ಗೀಕರಣದ ಹತ್ತನೇ ಆವೃತ್ತಿಯಲ್ಲಿ ಹಾವಿನ ವಿಷದ ಪರಿಣಾಮಕ್ಕೆ ಟಿ63.0, ವಿಷಜಂತುವಿನ ಸಂಪರ್ಕವೆಂಬ ಬಾಹ್ಯ ಕಾರಣಕ್ಕೆ ಎಕ್ಸ್20 ಎಂಬ ಸಂಕೇತಗಳಿವೆ. ಆದರೆ ವೈದ್ಯರು 'ಉಸಿರಾಟ ವೈಫಲ್ಯ' ಎಂದಷ್ಟೇ ಬರೆದರೆ ಸಂಕೇತವೂ ಅದಕ್ಕೆ ತಕ್ಕಂತೆ ಬೀಳುತ್ತದೆ. ಹಾವು ಕಾಗದದಿಂದ ಮಾಯವಾಗುತ್ತದೆ. ಕೊಳಕುಮಂಡಲ ಕಚ್ಚಿ ಮೂತ್ರಪಿಂಡ ಕೆಟ್ಟು ಸತ್ತವರ ವಿಷಯದಲ್ಲೂ ಇದೇ ಕಥೆ. ಮನೆಯಲ್ಲಿಯೇ ಅಥವಾ ನಾಟಿವೈದ್ಯರ ಬಳಿ ಅಸುನೀಗಿದವರ ಸಾವಿನ ಕಾರಣವನ್ನು ವೈದ್ಯರು ದೃಢೀಕರಿಸುವುದೇ ವಿರಳ.

ಈ ಹಿನ್ನೆಲೆಯಲ್ಲಿ ರಾಜ್ಯ ಸರ್ಕಾರ 2024ರ ಫೆಬ್ರವರಿಯಲ್ಲಿ, 2020ರ ಕರ್ನಾಟಕ ಸಾಂಕ್ರಾಮಿಕ ರೋಗಗಳ ಕಾಯ್ದೆಯಡಿ ಹಾವು ಕಡಿತವನ್ನು ಕಡ್ಡಾಯವಾಗಿ ವರದಿ ಮಾಡಬೇಕಾದ ಪ್ರಕರಣವೆಂದು ಘೋಷಿಸಿತು. ಹಾವು ಕಡಿತ ಅಂಟುರೋಗವಲ್ಲವಾದರೂ ಲೆಕ್ಕ ಸಿಗಲು ಈ ಕಾಯ್ದೆಯೇ ದಾರಿಯಾಯಿತು. ಖಾಸಗಿ ಆಸ್ಪತ್ರೆಗಳಿಗೂ ಆದೇಶ ಅನ್ವಯಿಸುತ್ತದೆ. ಪರಿಣಾಮ ಬೇಗನೆ ಕಂಡಿತು. 2023ರಲ್ಲಿ ರಾಜ್ಯದಲ್ಲಿ ಸುಮಾರು ಆರೂವರೆ ಸಾವಿರ ಪ್ರಕರಣ, 19 ಸಾವು ದಾಖಲಾಗಿದ್ದವು. 2024ರಲ್ಲಿ ಪ್ರಕರಣಗಳು 13 ಸಾವಿರ ದಾಟಿದರೆ, ಸಾವಿನ ಸಂಖ್ಯೆ ನೂರರ ಆಸುಪಾಸಿಗೆ ಬಂತು.

ಹಾಗೆಂದು ಒಂದೇ ವರ್ಷದಲ್ಲಿ ಹಾವುಗಳ ಕಾಟ ಇಮ್ಮಡಿಸಿತೆಂದು ತಿಳಿಯುವುದು ತಪ್ಪು. ಮೊದಲೂ ಇದ್ದದ್ದು ಈಗ ಕಾಣುತ್ತಿದೆ, ಅಷ್ಟೇ. 2000ದಿಂದ 2019ರವರೆಗೆ ದೇಶದಲ್ಲಿ ವರ್ಷಕ್ಕೆ ಸರಾಸರಿ 58 ಸಾವಿರ ಮಂದಿ ಹಾವು ಕಡಿತಕ್ಕೆ ಬಲಿಯಾದರೆಂದು ಮನೆಮನೆಯ ವಿಚಾರಣೆಯನ್ನು ಆಧರಿಸಿದ ಅಧ್ಯಯನವೊಂದು 2020ರಲ್ಲಿ ಅಂದಾಜಿಸಿತ್ತು. ಅದರ ಮುಂದೆ ರಾಜ್ಯದ 19 ಎಂಬ ಅಂಕಿ ನಂಬಲರ್ಹವಾಗಿರಲಿಲ್ಲ. 2023 ಮತ್ತು 2024ನ್ನು ಒಂದೇ ಗೆರೆಯಲ್ಲಿ ಜೋಡಿಸಿ ಹೋಲಿಸುವುದೂ ಸಲ್ಲದು.

ಇನ್ನೊಂದು ತೊಡಕು ವಿಳಾಸದ್ದು. ಒಬ್ಬನೇ ರೋಗಿ ಖಾನಾಪುರದಲ್ಲೂ ಬೆಳಗಾವಿಯಲ್ಲೂ ದಾಖಲಾದರೆ ಎರಡು ಪ್ರಕರಣಗಳಾಗುವ ಸಾಧ್ಯತೆಯಿದೆ. ಚಿಕಿತ್ಸೆ ಪಡೆದ ಊರನ್ನೇ ಘಟನೆಯ ಸ್ಥಳವೆಂದು ಎಣಿಸಿದರಂತೂ ಪಾರಿಶ್ವಾಡದ ಕಡಿತ ಬೆಳಗಾವಿ ನಗರದ ಖಾತೆಗೆ ಸೇರುತ್ತದೆ. ಪ್ರತಿವಿಷದ ಚುಚ್ಚುಮದ್ದನ್ನು ಎಲ್ಲಿ ಎಷ್ಟು ದಾಸ್ತಾನಿಡಬೇಕೆಂಬುದನ್ನು ಇಂಥ ಅಂಕಿಗಳನ್ನು ನೋಡಿಯೇ ನಿರ್ಧರಿಸಬೇಕಾಗುತ್ತದೆ. ಔಷಧ ನಗರದಲ್ಲಿದ್ದು, ಕಡಿತ ಹೊಲದಲ್ಲಾದರೆ, ನಡುವಿನ ಹಾದಿಯಲ್ಲಿ ಕಳೆಯುವ ಹೊತ್ತು ಯಾವ ನಮೂನೆಯಲ್ಲೂ ದಾಖಲಾಗುವುದಿಲ್ಲ.