ಚೆಂಡಾಟದ ಪಡೆಯೂ ಹಳಬರ ಬೆಲೆಯೂ

ಮಳೆಗಾಲವು ಮುಗಿದು ಚಳಿ ಮೊದಲಾಗುವ ಹೊತ್ತಿಗೆ, ಐಪಿಎಲ್ ಪಂದ್ಯಗಳು ನಡೆಯದಿರುವ ಬಿಡುವಿನ ಕಾಲದಲ್ಲಿಯೇ, ವೃತ್ತಪತ್ರಿಕೆಗಳ ಆಟದ ಪುಟಗಳು ಸಂತೆಯ ಲೆಕ್ಕದ ಪುಸ್ತಕಗಳಂತೆ ಕಾಣತೊಡಗುವುವು. ಇಂಥವನು ಇಷ್ಟು ಕೋಟಿಗೆ ಬಿಕರಿಯಾದನು, ಇಂಥವನನ್ನು ಕೊಳ್ಳುವವರೇ ಇಲ್ಲ, ಇಂಥವನನ್ನು ಹಳೆಯ ಒಡೆಯರು ಕೈಬಿಟ್ಟರು ಎಂಬ ವಾರ್ತೆಗಳನ್ನು ಹುಡುಗರು ಗಟ್ಟಿಯಾಗಿ ಓದುತ್ತಿರುವಾಗ, ಒಳಗಿನಿಂದ ಮುದುಕಿಯೊಬ್ಬಳು “ಏನಪ್ಪಾ, ಈ ಕಾಲದಲ್ಲಿಯೂ ಮನುಷ್ಯರನ್ನು ಹರಾಜು ಹಾಕುತ್ತಾರೆಯೇ?” ಎಂದು ಕೇಳುವುದು ಹೊಸಪೇಟೆಯ ಎಷ್ಟೋ ಮನೆಗಳಲ್ಲಿ ನಡೆದಿರಬಹುದು. ಆ ಪ್ರಶ್ನೆಗೆ ನಗುವುದು ಸುಲಭ; ಉತ್ತರ ಹೇಳುವುದು ಅಷ್ಟು ಸುಲಭವಲ್ಲ.

ನಮ್ಮ ವೈಯಾಕರಣರು ಈ ಸಂದೇಹವನ್ನು ಬಹು ಹಿಂದೆಯೇ ವಿಚಾರಿಸಿರುತ್ತಾರೆ. ಕ್ರಯಣವೆಂದರೆ ಒಂದು ವಸ್ತುವನ್ನು ಬೆಲೆಕೊಟ್ಟು ಶಾಶ್ವತವಾಗಿ ತನ್ನದನ್ನಾಗಿ ಮಾಡಿಕೊಳ್ಳುವುದು. ಪರಿಕ್ರಯಣವೆಂದರೆ ಗೊತ್ತಾದ ಕಾಲದವರೆಗೆ ಸಂಬಳ ಕೊಟ್ಟು ಒಬ್ಬನನ್ನು ಕೆಲಸಕ್ಕೆ ಒಪ್ಪಿಸಿಕೊಳ್ಳುವುದು. ಪಾಣಿನಿಯು ಈ ಎರಡನೆಯದಕ್ಕಾಗಿ ಒಂದು ಸೂತ್ರವನ್ನೇ ಮೀಸಲಿಟ್ಟಿದ್ದಾನೆ. ಆಟಗಾರರ ವಿಷಯದಲ್ಲಿ ನಡೆಯುವುದು ಪರಿಕ್ರಯಣವೇ ಹೊರತು ಕ್ರಯಣವಲ್ಲ. ಅವಧಿ ತೀರಿದ ಮೇಲೆ ಅವನು ಅವನೇ. ಆದರೂ ಮುದುಕಿಯ ಮಾತಿನಲ್ಲಿ ಸ್ವಲ್ಪ ಸತ್ಯವುಳಿಯುತ್ತದೆಂದು ನಮಗೆ ತೋರುತ್ತದೆ. ಕಂಪಲಿಯ ಬತ್ತದ ಗದ್ದೆಗೆ ಹೋಗುವ ಕೂಲಿಯವನು ಯಾರ ಗದ್ದೆಗೆ ಹೋಗಬೇಕೆಂಬುದನ್ನು ತಾನೇ ನಿಶ್ಚಯಿಸುವನು. ಅಮೆರಿಕದ ಬೇಸ್‌ಬಾಲ್ ಆಟದಲ್ಲಿಯೂ ಒಪ್ಪಂದ ಮುಗಿದ ಹಳಬನು ಚಳಿಗಾಲದಲ್ಲಿ ನಾಲ್ಕಾರು ಪಡೆಗಳೊಡನೆ ಮಾತನಾಡಿ, ಮನಸ್ಸಿಗೆ ಒಪ್ಪಿದ ಕಡೆ ಸೇರಬಹುದು. ನಮ್ಮ ಹರಾಜಿನಲ್ಲಿಯಾದರೋ ಹೆಚ್ಚು ಕೂಗಿದವನ ಮನೆಗೆ ಹೋಗತಕ್ಕದ್ದು. ಆಟಗಾರನ ಇಷ್ಟವನ್ನು ಕೇಳುವವರಿಲ್ಲ.

ಅದಿರಲಿ. ಪ್ರಕೃತ ವಿಷಯಕ್ಕೆ ಬರೋಣ. ೨೦೨೪ರ ನವೆಂಬರ್ ೨೪ ಮತ್ತು ೨೫ರಂದು ಸೌದಿ ಅರೇಬಿಯದ ಜೆದ್ದಾ ನಗರದಲ್ಲಿ ಇಂಥದೊಂದು ದೊಡ್ಡ ಹರಾಜು ನಡೆಯಿತು. ಪ್ರತಿಯೊಂದು ಪಡೆಗೂ ಒಟ್ಟು ೧೨೦ ಕೋಟಿ ರೂಪಾಯಿಗಳ ವೆಚ್ಚಕ್ಕೆ ಅವಕಾಶವಿತ್ತು. ರಾಯಲ್ ಚಾಲೆಂಜರ್ಸ್ ಬೆಂಗಳೂರು ಪಡೆಯವರು ವಿರಾಟ್ ಕೊಹ್ಲಿಯೂ ಸೇರಿದಂತೆ ಮೂವರನ್ನು ೩೭ ಕೋಟಿಗೆ ಮೊದಲೇ ಉಳಿಸಿಕೊಂಡು, ಮಿಕ್ಕ ೮೩ ಕೋಟಿಯೊಡನೆ ಅಲ್ಲಿಗೆ ಹೋದರು. ೨೦೦೮ರಿಂದ ಹದಿನೇಳು ವರ್ಷ ಆಡಿದ್ದರೂ ಈ ಪಡೆಗೆ ಒಮ್ಮೆಯೂ ಬಿರುದು ದೊರೆತಿರಲಿಲ್ಲ. ೨೦೦೯, ೨೦೧೧, ೨೦೧೬ ಈ ಮೂರು ವರ್ಷಗಳಲ್ಲಿ ಅಂತಿಮ ಪಂದ್ಯದವರೆಗೆ ಹೋಗಿ ಬರಿಗೈಯಲ್ಲಿ ಹಿಂದಿರುಗಿದ್ದರು. ಬ್ಯಾಟು ಬೀಸುವ ಮಹಾಶೂರರಿಗೆ ಆ ಮನೆಯಲ್ಲಿ ಎಂದೂ ಕೊರತೆಯಿರಲಿಲ್ಲ. ಗೇಲ್, ಡಿ ವಿಲಿಯರ್ಸ್, ಕೊಹ್ಲಿ ಮೂವರೂ ಒಂದೇ ಕಾಲದಲ್ಲಿ ಆಡಿದ ಪಡೆಯದು. ಕೊರತೆಯಿದ್ದುದು ಚೆಂಡೆಸೆಯುವವರಿಗೆ. ಚಿನ್ನಸ್ವಾಮಿ ಕ್ರೀಡಾಂಗಣದ ಎಲ್ಲೆಗಳು ಸಣ್ಣವು. ಅಲ್ಲಿ ಎರಡು ನೂರು ಓಟಗಳನ್ನು ಗಳಿಸಿದವರೂ ನಿಶ್ಚಿಂತೆಯಿಂದ ಮಲಗುವಂತಿಲ್ಲ.

ಜೆದ್ದಾದಲ್ಲಿ ಬೆಂಗಳೂರಿನವರು ಅತ್ಯಧಿಕ ಬೆಲೆ ಕೊಟ್ಟುದು ಬ್ಯಾಟು ಹಿಡಿಯುವವನಿಗಲ್ಲ. ಆಸ್ಟ್ರೇಲಿಯದ ಜಾಶ್ ಹೇಜಲ್‌ವುಡ್ ಎಂಬ ವೇಗದ ಬೋಲರಿಗೆ ಹನ್ನೆರಡೂವರೆ ಕೋಟಿ. ಆತನಿಗಾಗ ಮೂವತ್ತಮೂರು ವರ್ಷ. ಮೀರತ್ತಿನ ಭುವನೇಶ್ವರ ಕುಮಾರನಿಗೆ ೧೦.೭೫ ಕೋಟಿ, ಆತನಿಗೆ ಮೂವತ್ತನಾಲ್ಕು ವರ್ಷ. ಸುತ್ತು ಚೆಂಡಿನ ಕೃಣಾಲ್ ಪಾಂಡ್ಯನಿಗೆ ೫.೭೫ ಕೋಟಿ, ಆತನೂ ಮೂವತ್ತು ದಾಟಿದವನೇ. ಇವರ ಜೊತೆಗೆ ದಿಲ್ಲಿಯ ಸುಯಶ್ ಶರ್ಮನನ್ನೂ, ಇಂಗ್ಲೆಂಡಿಗೆ ಆಡುವ ಜೇಕಬ್ ಬೆಥೆಲನನ್ನೂ ತಲಾ ೨.೬೦ ಕೋಟಿಗೆ ಕೊಂಡರು. ಇಬ್ಬರಿಗೂ ಆಗ ಇಪ್ಪತ್ತೊಂದೇ ವರ್ಷ. ಭುವನೇಶ್ವರನ ವಿಷಯದಲ್ಲಿ ಒಂದು ಸ್ವಾರಸ್ಯವುಂಟು. ಆತನು ಚಿಕ್ಕಂದಿನಲ್ಲಿ ಬೆಂಗಳೂರಿನ ಪಡೆಯಲ್ಲಿಯೇ ಇದ್ದು, ಒಂದು ಐಪಿಎಲ್ ಪಂದ್ಯವನ್ನೂ ಆಡದೆ ಬೇರೆಡೆಗೆ ಹೋದವನು. ೨೦೧೬ರ ಅಂತಿಮ ಪಂದ್ಯದಲ್ಲಿ ಬೆಂಗಳೂರಿನವರನ್ನು ಅವರ ಅಂಗಳದಲ್ಲಿಯೇ ಎಂಟು ಓಟಗಳಿಂದ ಸೋಲಿಸಿದ ಹೈದರಾಬಾದಿನ ಪಡೆಯಲ್ಲಿದ್ದವನು. ಮನೆಯಲ್ಲಿದ್ದಾಗ ಗುರುತಿಸದೆ, ನೆರೆಮನೆಗೆ ಹೋಗಿ ಹೆಸರಾದ ಮೇಲೆ ಹತ್ತು ಕೋಟಿ ಕೊಟ್ಟು ಕರೆತರುವುದು ಆಟದಲ್ಲಿ ಮಾತ್ರ ನಡೆಯುವ ವಿಚಿತ್ರವಲ್ಲ.

ವಯಸ್ಸು ಮೀರಿದವರಿಗೆ ಇಷ್ಟು ಬೆಲೆಯೇಕೆ ಎಂದು ವಾಚಕರು ಕೇಳಬಹುದು. ಸಂಸ್ಕೃತದಲ್ಲಿ ವೃದ್ಧ ಎಂಬ ಶಬ್ದವು ಬೆಳೆಯುವುದೆಂಬ ಅರ್ಥದ ಧಾತುವಿನಿಂದ ಹುಟ್ಟಿದ್ದು. ಅದರ ಮೂಲಾರ್ಥ ಬೆಳೆದವನು ಎಂದೇ ಹೊರತು ಸವೆದವನು ಎಂದಲ್ಲ. ಬೋಲರಿನ ಮಟ್ಟಿಗೆ ಎರಡು ಅರ್ಥಗಳೂ ಒಟ್ಟಿಗೆ ನಿಜ. ಭುಜವೂ ಬೆನ್ನೂ ಸವೆಯುತ್ತವೆ, ಬುದ್ಧಿ ಬೆಳೆಯುತ್ತದೆ. ಇಪ್ಪತ್ತು ಓವರುಗಳ ಆಟದಲ್ಲಿ ಒಬ್ಬನಿಗೆ ದೊರೆಯುವುದು ನಾಲ್ಕೇ ಓವರುಗಳು, ಎಂದರೆ ಇಪ್ಪತ್ತನಾಲ್ಕು ಎಸೆತಗಳು. ಹೊಸ ಚೆಂಡು ಗಾಳಿಯಲ್ಲಿ ಬಾಗುವುದು ಆರಂಭದ ಕೆಲವೇ ಓವರುಗಳಲ್ಲಿ. ಅಷ್ಟರೊಳಗೆ ಹೊಲಿಗೆಯನ್ನು ನೆಟ್ಟಗೆ ಹಿಡಿದು, ಒಂದನ್ನು ಒಳಕ್ಕೂ ಮತ್ತೊಂದನ್ನು ಹೊರಕ್ಕೂ ತಿರುಗಿಸುವುದು ಅಭ್ಯಾಸದಿಂದ ಬರತಕ್ಕ ವಿದ್ಯೆ. ಕಡೆಯ ಓವರುಗಳಲ್ಲಿ ಬ್ಯಾಟುಗಾರನು ಯಾವ ಕಾಲನ್ನು ಮುಂದಿಡುವನೆಂದು ಕೈಯಿಂದ ಚೆಂಡು ಬಿಡುವುದಕ್ಕೆ ಮೊದಲೇ ಕಂಡುಕೊಳ್ಳುವುದು ಇನ್ನೂ ಕಷ್ಟವಾದುದು. ಎಳೆಯನಿಗೆ ವೇಗವುಂಟು, ಆ ವೇಗವೇ ಬ್ಯಾಟಿಗೆ ತಗುಲಿ ಎಲ್ಲೆ ದಾಟುವುದುಂಟು.

ಎಳೆಯರನ್ನು ಕೊಳ್ಳುವುದರಲ್ಲಿರುವ ಅಪಾಯವನ್ನೂ ಬೆಂಗಳೂರಿನವರು ಬಲ್ಲರು. ೨೦೨೧ರಲ್ಲಿ ನ್ಯೂಜಿಲೆಂಡಿನ ಕೈಲ್ ಜೇಮಿಸನ್ ಎಂಬ ನೀಳಕಾಯನಿಗೆ ೧೫ ಕೋಟಿ ಕೊಟ್ಟರು. ಆತನು ಒಂಬತ್ತು ಪಂದ್ಯಗಳಲ್ಲಿ ಒಂಬತ್ತು ವಿಕೆಟ್ಟುಗಳನ್ನು ಪಡೆದನು. ಮರುವರ್ಷ ಆ ಪಡೆಯಲ್ಲಿರಲಿಲ್ಲ. ಬೇಸ್‌ಬಾಲಿನವರು ಈ ದ್ಯೂತದಲ್ಲಿ ನಮಗಿಂತ ಸಾಹಸಿಗಳು. ಅವರು ಪರದೇಶದ ಹುಡುಗರನ್ನು ಹದಿನಾರನೆಯ ವಯಸ್ಸಿನಲ್ಲಿಯೇ ಗುರುತಿಸಿ ಒಪ್ಪಂದ ಮಾಡಿಕೊಳ್ಳುವರು. ೨೦೦೮ರಲ್ಲಿ ಪಿಟ್ಸ್‌ಬರ್ಗ್ ನಗರದ ಪಡೆಯವರು ಉತ್ತರ ಪ್ರದೇಶದ ರಿಂಕು ಸಿಂಗ್, ದಿನೇಶ್ ಪಟೇಲ್ ಎಂಬ ಇಬ್ಬರನ್ನು, ಅವರು ಬೇಸ್‌ಬಾಲನ್ನು ಆಡಿಯೇ ಇರದಿದ್ದರೂ, ಭರ್ಜಿ ಎಸೆಯುವ ತೋಳುಗಳ ಬಲವನ್ನು ನೋಡಿ ಸೇರಿಸಿಕೊಂಡರು. ಇಬ್ಬರೂ ಅತ್ಯುಚ್ಚ ಪಂಕ್ತಿಯನ್ನು ಮುಟ್ಟಲಿಲ್ಲ. ನಮ್ಮ ಬೆಥೆಲನೂ ೨೦೨೫ರಲ್ಲಿ ಎರಡೇ ಪಂದ್ಯಗಳನ್ನಾಡಿ, ಒಂದರಲ್ಲಿ ೫೫ ಓಟಗಳನ್ನು ಗಳಿಸಿ, ಸ್ವದೇಶದ ಪಂದ್ಯಗಳಿಗಾಗಿ ನಡುವೆಯೇ ಹೊರಟುಹೋದನು. ಅದೇ ವರ್ಷದ ಸೆಪ್ಟೆಂಬರಿನಲ್ಲಿ ಆತನು ಇಂಗ್ಲೆಂಡಿನ ಪಡೆಗೆ ಅತ್ಯಂತ ಕಿರಿಯ ನಾಯಕನಾದನೆಂಬುದನ್ನು ನೋಡಿದರೆ, ಮೊಳಕೆಯನ್ನು ಗುರುತಿಸಿದವರ ಕಣ್ಣು ತಪ್ಪಲಿಲ್ಲವೆನ್ನಬೇಕು. ಫಲ ಮಾತ್ರ ಬೇರೆಯವರ ತೋಟದಲ್ಲಿ ಬಿದ್ದಿತು.

ಪರಸ್ಥಳದ ಭಟರನ್ನು ಬೆಲೆಕೊಟ್ಟು ತರುವುದು ಹಂಪಿಯ ನೆರೆಯವರಾದ ನಮಗೆ ಹೊಸ ಸಂಗತಿಯೇ? ಮಹಾನವಮಿ ದಿಬ್ಬದ ಕಲ್ಲುಗಳಲ್ಲಿ ಟೊಪ್ಪಿಗೆ ಹಾಕಿದ ವಿದೇಶೀಯರು ಕುದುರೆಗಳನ್ನು ಹಿಡಿದು ನಡೆಸುತ್ತಿರುವ ಚಿತ್ರಗಳನ್ನು ನೋಡದವರಾರು? ವಿಜಯನಗರದ ಅರಸರು ಅಶ್ವಬಲಕ್ಕಾಗಿ ಒರ್ಮುಜ್, ಏಡನ್ ಬಂದರುಗಳ ವರ್ತಕರನ್ನು ಆಶ್ರಯಿಸಿದ್ದರು. ಸಾಳುವ ನರಸಿಂಹನು ಕುದುರೆಗಳನ್ನು ಬದುಕಿದ್ದರೂ ಸತ್ತಿದ್ದರೂ ಒಂದೇ ಬೆಲೆಗೆ ಕೊಳ್ಳುತ್ತಿದ್ದನೆಂದೂ, ಸಮುದ್ರದಲ್ಲಿ ಸತ್ತುದರ ಬಾಲವನ್ನು ತಂದು ತೋರಿಸಿದರೂ ಹಣ ಸಲ್ಲುತ್ತಿತ್ತೆಂದೂ ಪೋರ್ತುಗೀಸ್ ವರ್ತಕನಾದ ನೂನಿಸನು ಬರೆದಿಟ್ಟಿದ್ದಾನೆ. ಹಾಗೆ ಮಾಡದಿದ್ದರೆ ಅಷ್ಟು ದೂರದಿಂದ ಕುದುರೆ ತರಲು ಯಾರು ಧೈರ್ಯಮಾಡುತ್ತಿದ್ದರು? ಹೇಜಲ್‌ವುಡ್ಡನ ಭುಜವು ೨೦೨೫ರ ಪಂದ್ಯಾವಳಿಯ ನಡುವೆ ನೊಂದು, ಮೇ ತಿಂಗಳಲ್ಲಿ ಭಾರತ–ಪಾಕಿಸ್ತಾನಗಳ ಘರ್ಷಣೆಯಿಂದ ಆಟಗಳು ನಿಂತಾಗ ಆತನು ಸ್ವದೇಶಕ್ಕೆ ಹೋದುದನ್ನು ಓದಿದಾಗ, ನಮಗೆ ನೆನಪಾದುದು ಆ ಬಾಲಗಳೇ. ಅದೃಷ್ಟವಶಾತ್ ಈ ಕುದುರೆ ಜೀವಸಹಿತ ಹಿಂದಿರುಗಿತು.

ಕುದುರೆಗಳಿಗಿಂತಲೂ ನಮ್ಮ ವಿಷಯಕ್ಕೆ ಹತ್ತಿರವಾದುದು ಬಿಲ್ಗಾರರ ವೃತ್ತಾಂತ. ಇಮ್ಮಡಿ ದೇವರಾಯನು ಬಹಮನಿಯವರೊಡನೆ ಮತ್ತೆಮತ್ತೆ ಸೋಲಾಗುವುದಕ್ಕೆ ಕಾರಣವೇನೆಂದು ಸಭೆ ಕರೆದು ವಿಚಾರಿಸಲು, ಶತ್ರುಗಳ ಕುದುರೆಗಳೂ ಬಿಲ್ಗಾರರೂ ಉತ್ತಮರೆಂಬ ಉತ್ತರ ಬಂದಿತು. ಅರಸನು ಮುಸಲ್ಮಾನ ಬಿಲ್ಗಾರರನ್ನು ಸೇವೆಗೆ ತೆಗೆದುಕೊಂಡು, ಅವರಿಗೆ ಜಹಗೀರುಗಳನ್ನೂ ಪ್ರಾರ್ಥನಾಸ್ಥಳವನ್ನೂ ಒದಗಿಸಿದನು. ಅವನ ಸೇವಕನಾದ ಅಹಮದ್ ಖಾನನು ಅರಸನ ಪುಣ್ಯಕ್ಕಾಗಿ ೧೪೩೯ರಲ್ಲಿ ಕಟ್ಟಿಸಿದ ಧರ್ಮಶಾಲೆ ಹಂಪಿಯ ಅವಶೇಷಗಳ ನಡುವೆ ಇಂದಿಗೂ ನಿಂತಿದೆ. ಆದರೆ ಫೆರಿಷ್ತಾ ಕೊಡುವ ಸಂಖ್ಯೆಗಳನ್ನು ಗಮನಿಸಬೇಕು: ಹೊರಗಿನ ಬಿಲ್ಗಾರರು ಎರಡು ಸಾವಿರ, ಬಿಲ್ವಿದ್ಯೆಯಲ್ಲಿ ನುರಿತು ಸಿದ್ಧರಾದ ಊರಿನವರು ಅರವತ್ತು ಸಾವಿರ. ಇತಿಹಾಸಕಾರನ ಲೆಕ್ಕದಲ್ಲಿ ಉತ್ಪ್ರೇಕ್ಷೆಯಿರಬಹುದು; ಅರಸನ ಉದ್ದೇಶದಲ್ಲಿ ಸಂದೇಹವಿಲ್ಲ. ಹೊರಗಿನವರನ್ನು ಬಾಣ ಬಿಡುವುದಕ್ಕೆ ಮಾತ್ರವಲ್ಲ, ಬಾಣ ಬಿಡುವುದನ್ನು ಕಲಿಸುವುದಕ್ಕೂ ಕರೆತಂದನು.

ಇನ್ನು ೨೦೨೫ರ ಫಲವನ್ನು ಹೇಳಬೇಕು. ಮೇ ೨೯ರಂದು ಪಂಜಾಬಿನವರನ್ನು ಅವರ ಅಂಗಳದಲ್ಲಿ ೧೦೧ ಓಟಗಳಿಗೆ ಕೆಡವಿದವರಲ್ಲಿ ಹಳಬ ಹೇಜಲ್‌ವುಡ್ಡನೂ ಎಳೆಯ ಸುಯಶನೂ ಸಮಾನರು. ತಲಾ ಮೂರು ವಿಕೆಟ್ಟುಗಳು. ಜೂನ್ ೩ರಂದು ಅಹಮದಾಬಾದಿನಲ್ಲಿ ಅದೇ ಪಂಜಾಬಿನೊಡನೆ ಅಂತಿಮ ಪಂದ್ಯ. ಬೆಂಗಳೂರು ೧೯೦; ಪಂಜಾಬು ೧೮೪; ಆರೇ ಓಟಗಳ ಅಂತರ. ಹನ್ನೆರಡೂವರೆ ಕೋಟಿಯ ಹೇಜಲ್‌ವುಡ್ಡನು ಆ ರಾತ್ರಿ ನಾಲ್ಕು ಓವರುಗಳಲ್ಲಿ ೫೪ ಓಟಗಳನ್ನು ಬಿಟ್ಟುಕೊಟ್ಟನು. ಅದರ ಅರ್ಧಕ್ಕೂ ಕಡಮೆ ಬೆಲೆಯ ಕೃಣಾಲನು ೧೭ ಓಟಗಳನ್ನಿತ್ತು ಇಬ್ಬರನ್ನು ಉರುಳಿಸಿದನು. ಭುವನೇಶ್ವರನು ಹದಿನೇಳನೆಯ ಓವರಿನಲ್ಲಿ ಇಬ್ಬರನ್ನು ಕಳುಹಿಸಿದನು. ಬೆಲೆಗೂ ಫಲಕ್ಕೂ ಒಂದು ದಿನದ ಲೆಕ್ಕದಲ್ಲಿ ಹೊಂದಿಕೆಯಿಲ್ಲ. ಋತುವಿನ ಲೆಕ್ಕದಲ್ಲಿಯಾದರೆ ಹೇಜಲ್‌ವುಡ್ಡನ ೨೨ ವಿಕೆಟ್ಟುಗಳಿಲ್ಲದೆ ಅಹಮದಾಬಾದಿಗೆ ಹೋಗುವ ಯೋಗವೇ ಒದಗುತ್ತಿರಲಿಲ್ಲವೆಂದು ನಮ್ಮ ಎಣಿಕೆ. ಮರುದಿನ ಬೆಂಗಳೂರಿನಲ್ಲಿ ಚಿನ್ನಸ್ವಾಮಿ ಕ್ರೀಡಾಂಗಣದ ಹೊರಗೆ ಜನಸಂದಣಿಯಲ್ಲಿ ಸಿಕ್ಕಿ ಹನ್ನೊಂದು ಮಂದಿ ಸತ್ತರು. ಮಕ್ಕಳು ಸಂತೋಷವನ್ನು ನೋಡಿ ಸಂಜೆಗೆ ಹಿಂದಿರುಗುವರೆಂದು ನಂಬಿದ್ದ ಮನೆಗಳಿಗೆ ಆ ಬಿರುದಿನ ಮಾತನ್ನು ಯಾರು ಆಡಬಲ್ಲರು?

ಈ ಪಡೆಯಲ್ಲಿ ಕನ್ನಡಿಗರೆಷ್ಟು ಎಂಬ ಪ್ರಶ್ನೆ ಪ್ರತಿವರ್ಷವೂ ಏಳುತ್ತದೆ. ಕೌಟಿಲ್ಯನು ಸೈನ್ಯದ ಬಗೆಗಳನ್ನೆಣಿಸುವಾಗ ವಂಶಪಾರಂಪರ್ಯದ ಮೌಲಬಲವನ್ನು ಸಂಬಳದ ಭೃತಬಲಕ್ಕಿಂತ ಮೇಲೆಂದು ಇಟ್ಟಿರುವನು. ಜೆದ್ದಾದಲ್ಲಿ ದೇವದತ್ತ ಪಡಿಕ್ಕಲನಿಗೆ ೨ ಕೋಟಿಯೂ ನಮ್ಮ ನೆರೆಯ ರಾಯಚೂರಿನ ಮನೋಜ ಭಾಂಡಗೆಗೆ ೩೦ ಲಕ್ಷವೂ ದೊರೆತುವು. ಭಾಂಡಗೆಗೆ ಆಡುವ ಅವಕಾಶ ಬಂದುದು ಅತ್ಯಲ್ಪ. ಊರಿನವರಿಗೇ ಎಲ್ಲ ಸ್ಥಾನಗಳನ್ನೂ ಕೊಡಬೇಕೆಂದು ನಾವು ವಾದಿಸುವುದಿಲ್ಲ. ಹಾಗೆ ಮಾಡಿದ್ದರೆ ಕೊಹ್ಲಿಯೂ ಇಲ್ಲ, ಬಿರುದೂ ಇಲ್ಲ. ದೇವರಾಯನ ಲೆಕ್ಕವನ್ನು ಮಾತ್ರ ಕೇಳುತ್ತೇವೆ. ಭುವನೇಶ್ವರನ ಬೆರಳುಗಳಲ್ಲಿರುವ ವಿದ್ಯೆಯನ್ನು ಈ ನಾಡಿನ ಎಷ್ಟು ಹುಡುಗರು ಹತ್ತಿರ ನಿಂತು ನೋಡುವರು? ಪಡೆಯು ಎರಡು ತಿಂಗಳು ಕೂಡಿ ಚೆದರುವುದು. ಹಳಬನು ತನ್ನ ವಿದ್ಯೆಯನ್ನು ಪೆಟ್ಟಿಗೆಯಲ್ಲಿಟ್ಟುಕೊಂಡು ಊರಿಗೆ ಹೋಗುವನು.

ಕಂಪಲಿಯವರಿಗೆ ಚೆಂಡಿನ ಮೋಹ ಇಂದಿನದಲ್ಲ. ಕುಮಾರರಾಮನ ಕಥೆಯ ಅನರ್ಥವೆಲ್ಲ ಅರಮನೆಯೊಳಗೆ ಹೋಗಿ ಬಿದ್ದ ಒಂದು ಚೆಂಡಿನಿಂದ ಹುಟ್ಟಿತಷ್ಟೆ. ಈಗಲೂ ಕುಯಿಲು ಮುಗಿದ ಗದ್ದೆಗಳಲ್ಲಿ ಅಲ್ಲಿನ ಹುಡುಗರು ಟೆನಿಸ್ ಚೆಂಡಿನಿಂದ ಆಡುವರು. ಸಂಡೂರಿನ ಕಡೆಯವರ ಚೆಂಡು ಅದಿರಿನ ಧೂಳಿನಿಂದ ಎರಡು ದಿನದಲ್ಲಿ ಕೆಂಪಾಗುವುದು. ಟೆನಿಸ್ ಚೆಂಡಿಗೆ ಎದ್ದ ಹೊಲಿಗೆಯಿಲ್ಲ. ಹೊಲಿಗೆಯ ವಿದ್ಯೆಯನ್ನು ಅದರಲ್ಲಿ ಕಲಿಯುವಂತಿಲ್ಲ. ಮೊದಲು ಕರ್ನಾಟಕ ಪ್ರೀಮಿಯರ್ ಲೀಗಿನಲ್ಲಿ ಬಳ್ಳಾರಿ ಟಸ್ಕರ್ಸ್ ಎಂಬ ಪಡೆಯೊಂದಿತ್ತು. ೨೦೧೯ರಲ್ಲಿ ಅದು ಅಂತಿಮ ಪಂದ್ಯದವರೆಗೂ ಹೋಗಿತ್ತು. ಆ ಲೀಗು ಅಲ್ಲಿಗೇ ನಿಂತಿತು. ೨೦೨೨ರಲ್ಲಿ ಅದರ ಸ್ಥಾನದಲ್ಲಿ ಮಹಾರಾಜ ಟ್ರೋಫಿ ಆರಂಭವಾದಾಗ ಬೆಂಗಳೂರು, ಮೈಸೂರು, ಹುಬ್ಬಳ್ಳಿ, ಮಂಗಳೂರು, ಶಿವಮೊಗ್ಗ, ಕಲಬುರಗಿ ಎಂಬ ಆರು ಹೆಸರುಗಳ ಪಡೆಗಳು ಏರ್ಪಟ್ಟುವು. ಬಳ್ಳಾರಿಯ ಹೆಸರು ಅವುಗಳಲ್ಲಿರಲಿಲ್ಲ.