ಜಾಲತಾಣದ ಸ್ಥಳಾಂತರವೂ ಗ್ರಂಥಾಗ್ರವೂ

ಗುರುಮಠಕಲ್ಲಿನ ಉತ್ತರಕ್ಕಿರುವ ಮಳಖೇಡವೇ ರಾಷ್ಟ್ರಕೂಟರ ಮಾನ್ಯಖೇಟ. ಆ ಅರಸರ ಕಾಲದಲ್ಲಿ ವೀರಸೇನಾಚಾರ್ಯರು ರಚಿಸಿದ ಧವಲಾ ಟೀಕೆಯು 72,000 ಗ್ರಂಥಪ್ರಮಾಣದ್ದು. ಅವರು ಆರಂಭಿಸಿ, ಜಿನಸೇನಾಚಾರ್ಯರು ಕ್ರಿ.ಶ. 837ರಲ್ಲಿ ಪೂರ್ಣಗೊಳಿಸಿದ ಜಯಧವಲಾ 60,000. ಇವುಗಳ ಪ್ರಾಚೀನ ತಾಳೆಯೋಲೆಗಳು ಉಳಿದುದು ಮೂಡುಬಿದಿರೆಯೊಂದರಲ್ಲಿ. ಪ್ರತಿಗಳು ಹೊರಬರುವ ಮುನ್ನ ಅಲ್ಲಿ ಬೆಂಕಿ ಹೊಕ್ಕಿದ್ದರೆ, 1939ರಿಂದ ಮುದ್ರಿತವಾದ ಧವಲಾ ಸಂಪುಟಗಳು ನಮಗೆ ದೊರೆಯುತ್ತಿರಲಿಲ್ಲ.

ಹಸ್ತಪ್ರತಿಗಳ ಛಾಯಾಚಿತ್ರಗಳುಳ್ಳ ಜಾಲತಾಣವನ್ನು ಸಂಸ್ಥೆಯ ಕೊಠಡಿಯ ಒಂದೇ ಗಣಕಯಂತ್ರದಲ್ಲಿರಿಸುವುದೂ ಅಂಥದೇ ಅಪಾಯ. ಅದನ್ನು 'ಕ್ಲೌಡ್'ಗೆ ಒಯ್ಯುವುದೆಂದರೆ ಬಾಡಿಗೆಗೆ ದೊರೆಯುವ ದತ್ತಾಂಶ ಕೇಂದ್ರಗಳಿಗೆ ಒಯ್ಯುವುದು, ಹೆಸರಷ್ಟೇ ಮೋಡದ್ದು. ಅಮೆಜಾನ್ ಸಂಸ್ಥೆಯು ಇಂಥ ಕೇಂದ್ರಗಳನ್ನು ಮುಂಬಯಿಯಲ್ಲಿ 2016ರಲ್ಲಿಯೂ ಹೈದರಾಬಾದಿನಲ್ಲಿ 2022ರಲ್ಲಿಯೂ ತೆರೆಯಿತು. ಎರಡು ಊರುಗಳಲ್ಲಿಯೂ ಪ್ರತಿಯಿರಬೇಕಾದರೆ ನಾವೇ ಹಾಗೆಂದು ಏರ್ಪಡಿಸಿ ಹಣ ತೆರಬೇಕು.

ಪ್ರತಿಯು ದೋಷವಿಲ್ಲದೆ ಇಳಿಯಿತೆಂದು ತಿಳಿಯುವ ಬಗೆ ಯಾವುದು? ಲಿಪಿಕಾರರು ಕೊನೆಯಲ್ಲಿ ಗ್ರಂಥಾಗ್ರವನ್ನು ನಮೂದಿಸುತ್ತಿದ್ದರು. 32 ಅಕ್ಷರಗಳಿಗೆ ಒಂದು ಗ್ರಂಥ. ಓಲೆಯೊಂದು ಲುಪ್ತವಾದರೆ ಆ ಎಣಿಕೆಯಿಂದ ತಿಳಿಯುತ್ತದೆ. ಪಕಾರವು ವಕಾರವಾದರೆ ತಿಳಿಯದು. ಗಣಕದಲ್ಲಿ ಎಸ್‌ಎಚ್‌ಎ-256 ಎಂಬ ಗಣಿತಕ್ರಮವು ಒಂದೊಂದು ಕಡತಕ್ಕೂ 64 ಚಿಹ್ನೆಗಳ ಮುದ್ರೆಯನ್ನು ಕೊಡುತ್ತದೆ. ಚಿತ್ರದ ಒಂದು ಬಿಂದು ಬದಲಾದರೂ ಮುದ್ರೆ ಬೇರೆಯಾಗುತ್ತದೆ. ಸ್ಥಳಾಂತರಕ್ಕೆ ಮೊದಲೇ ಈ ಮುದ್ರೆಗಳ ಪಟ್ಟಿ ಮಾಡಿ, ಅನಂತರ ಹೋಲಿಸತಕ್ಕದ್ದು. (ಮೂಲಚಿತ್ರದಲ್ಲಿಯೇ ಓಲೆಗಳ ಕ್ರಮ ತಪ್ಪಿದ್ದರೆ ಯಾವ ಮುದ್ರೆಯೂ ಹೇಳದು, ಅದು ಪಂಡಿತರ ಕೆಲಸ.)

ಲೇಖನಗಳಲ್ಲಿ ಉಲ್ಲೇಖಿತವಾದ ಪುಟಗಳ ವಿಳಾಸ ಬದಲಾದರೆ, ಹಳೆಯ ವಿಳಾಸದಿಂದ ಹೊಸದಕ್ಕೆ ದಾರಿ ಕಲ್ಪಿಸಬೇಕು. ಹೋಲಿಕೆ ಮುಗಿಯುವವರೆಗೆ ಹಳೆಯ ಯಂತ್ರದಲ್ಲಿರುವುದನ್ನು ಅಳಿಸಕೂಡದು.